ಅರ್ಥ ಹೇಳಿ ಅನರ್ಥ ಮಾಡುವವರು

ನಿಘಂಟು ಅಂದರೆ ಗಂಭೀರವಾಗಿರಬೇಕು ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಅಮೆರಿಕದ ಆಂಬ್ರೋಸ್ ಬಿಯರ್ಸ್ ಆ ಮಾತು ಕೇಳಲಿಲ್ಲ. 1911ರಲ್ಲಿ ‘ದಿ ಡೆವಿಲ್ಸ್ ಡಿಕ್ಷನರಿ’ ತಂದ. 1913ರಲ್ಲಿ ಗಲಭೆಯ ಮೆಕ್ಸಿಕೊಗೆ ಹೊರಟವನು ಇವತ್ತಿಗೂ ಪತ್ತೆಯಿಲ್ಲ. ‘ನಾಪತ್ತೆ’ಗೆ ಸ್ವತಃ ಉದಾಹರಣೆಯಾದ ನಿಘಂಟುಕಾರ! ನಮ್ಮಲ್ಲೂ ನಾ. ಕಸ್ತೂರಿಯವರ ‘ಅನರ್ಥಕೋಶ’, ಬೀಚಿಯವರ ‘ತಿಮ್ಮಿಕ್ಷನರಿ’ ಇವೆ. ಪುಣ್ಯಕ್ಕೆ ಇವರಿಬ್ಬರೂ ಮೆಕ್ಸಿಕೊ ಕಡೆ ತಲೆಹಾಕಲಿಲ್ಲ.

ಈ ಚಟ ನನಗೂ ಅಂಟಿದೆ. ಅರ್ಥ ಬರೆಯುವುದು ಸುಲಭ, ಜೀವ ತೆಗೆಯುವುದು ಉದಾಹರಣೆ ವಾಕ್ಯ. ನೋಡಿ:

ಮುಯ್ಯಿ: ಮದುವೆಯಲ್ಲಿ ಕವರಿನೊಳಗಿಟ್ಟು ಕೊಡುವ ಬಡ್ಡಿರಹಿತ ಸಾಲ. ‘ನಾವು ಹಾಕಿದ ಮುಯ್ಯಿ ತೀರಿಸದೆ ಶಾಮಣ್ಣ ತೀರಿಕೊಂಡರು, ವೈಕುಂಠ ಸಮಾರಾಧನೆಯಲ್ಲಿ ಲಾಡು ತಿಂದು ವಸೂಲು ಮಾಡಿಕೊಂಡೆವು.’

ಮೀನಮೇಷ: ಆಸ್ಪತ್ರೆಗೆ ಹೋಗುವ ಮುಂಚೆ ಎಣಿಸುವಂಥದ್ದು. ‘ಮಾವ ಮೀನಮೇಷ ಎಣಿಸುತ್ತಲೇ ಇದ್ದರು, ಈಗ ಪುರೋಹಿತರು ಧನಿಷ್ಠಾ ಪಂಚಕ ಎಣಿಸುತ್ತಿದ್ದಾರೆ.’

ಕೊಸರು: ತೂಕ ಮುಗಿದ ಮೇಲೆ ಸಿಗುವ ಸಂತೋಷ. ‘ಬದನೆಕಾಯಿಯ ಜೊತೆ ಕೊಸರಾಗಿ ಹುಳವೂ ಬಂತು, ಅದೊಂದೇ ತಾಜಾ ಇತ್ತು.’

ಉದಾಹರಣೆ ವಾಕ್ಯದಲ್ಲಿ ಒಂದು ಪಟ್ಟು ಇದೆ. ಸಾವು ವಾಕ್ಯದ ಮಧ್ಯದಲ್ಲಿ ಸದ್ದಿಲ್ಲದೆ ಬಂದು ಹೋಗಬೇಕು, ಲಾಡು ಕೊನೆಗೆ ಬರಬೇಕು. ತಿರುಗುಮುರುಗಾದರೆ ಅದು ಶ್ರದ್ಧಾಂಜಲಿ. ಅರ್ಥವನ್ನಂತೂ ಮುಖ ಗಂಟಿಕ್ಕಿಕೊಂಡೇ ಬರೆಯಬೇಕು. ಬರೆದವನೇ ನಕ್ಕರೆ ಓದುಗ ನಗುವುದಿಲ್ಲ.

ನಿಮ್ಮ ಅಜ್ಜಿ ಆಡುತ್ತಿದ್ದ ಅಪರೂಪದ ಮಾತೊಂದನ್ನು ಹಿಡಿದು ನೀವೂ ಬರೆಯಿರಿ. ಉದಾಹರಣೆ ವಾಕ್ಯದಲ್ಲಿ ಬದುಕಿರುವ ನೆಂಟರ ಹೆಸರು ಮಾತ್ರ ಬೇಡ, ಅವರೂ ಓದುತ್ತಾರೆ.