ಚಕ್ರಪಾಣಿಯವರ ಸಾಲಾವಳಿ

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಭಾನುವಾರ ಬೆಳಗಿನ ಜಾವಕ್ಕೇ ಎದ್ದು, ನಂದಿಬೆಟ್ಟದ ದಾರಿಯ ಊರುಗಳನ್ನೆಲ್ಲ ಎಬ್ಬಿಸಿ, ಇಡ್ಲಿ ವಡೆ ತಿಂದು, ಬಿಸಿಲೇರುವುದರೊಳಗೆ ಮನೆ ಸೇರಿ ಮಲಗುವವರು ಒಂದು. ಇವರ ಬಗ್ಗೆ ನಾನು ಹೇಳುವುದು ಏನೂ ಉಳಿದಿಲ್ಲ, ಅವರ ಸೈಲೆನ್ಸರೇ ಎಲ್ಲವನ್ನೂ ಹೇಳಿ ಮುಗಿಸಿದೆ. ಇನ್ನೊಂದು ಪಂಗಡದವರು ಕಾರು ಓಡಿಸುವುದು ಕಡಿಮೆ. ಬೇಸ್‌ಮೆಂಟಿನಲ್ಲಿ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಪುಟ್ಟ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಟೈರಿಗೂ ಫೆಂಡರಿಗೂ ನಡುವಿನ ಸಂದಿಯಲ್ಲಿ ಸ್ಟೀಲ್ ಸ್ಕೇಲು ತೂರಿಸಿ ಏನನ್ನೋ ಗೊಣಗುತ್ತಿರುತ್ತಾರೆ. ಹೊಸ ವಾಚ್‌ಮನ್ ಒಮ್ಮೆಯಾದರೂ ಇವರನ್ನು ಕಳ್ಳರೆಂದು ಹಿಡಿದಿರುತ್ತಾನೆ. ಇವರನ್ನು ಚಕ್ರಪಾಣಿಗಳು ಎಂದು ಕರೆಯೋಣ.

ನಮ್ಮ ಅಪಾರ್ಟ್‌ಮೆಂಟಿನ ಚಕ್ರಪಾಣಿಯವರದು ಹಳದಿ ಬಣ್ಣದ ಫೋರ್ಡ್ ಮಸ್ಟ್ಯಾಂಗ್. 2016ರಲ್ಲಿ ಈ ಕಾರು ಭಾರತಕ್ಕೆ ಬಂದಾಗ ಯಾರೋ ಪುಣ್ಯಾತ್ಮರು ಕೊಂಡದ್ದು, ಇವರ ಕೈಗೆ ಬಂದದ್ದು ಸೆಕೆಂಡ್ ಹ್ಯಾಂಡಾಗಿ. ಐದು ಲೀಟರಿನ, ಎಂಟು ಸಿಲಿಂಡರಿನ ಎಂಜಿನ್. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಆಟೋದವರು ತಲೆ ಹೊರಗೆ ಹಾಕಿ ‘ಎಷ್ಟು ಕೊಡತ್ತೆ ಸಾರ್?’ ಎಂದು ಕೇಳದೆ ಬಿಡುವುದಿಲ್ಲ. ಬೇರೆಯವರಾಗಿದ್ದರೆ ಮೈಲೇಜಿನ ಮಾತಿಗೆ ನಾಚಿಕೊಂಡು ಗಾಜು ಏರಿಸುತ್ತಿದ್ದರು. ಚಕ್ರಪಾಣಿಯವರ ತಲೆಯಲ್ಲಿ ಓಡುವುದೇ ಬೇರೆ. ‘ಮುಂದೆ ನಲವತ್ತೈದು, ಹಿಂದೆ ಐವತ್ತೆರಡೂವರೆ’ ಎಂದು ಚಕ್ರದ ಆಫ್‌ಸೆಟ್ ಹೇಳಿದರು. ‘ಪರವಾಗಿಲ್ಲ ಸಾರ್, ನಮ್ಮ ಆಟೋಗಿಂತ ಜಾಸ್ತಿ ಕೊಡ್ತಿದೆ’ ಎಂದು ಆಟೋದವರು ತಲೆದೂಗಿ ಹೊರಟುಹೋದರು.

ಆಫ್‌ಸೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ಚಕ್ರದ ಅಗಲವನ್ನು ಸರಿಯಾಗಿ ಅರ್ಧ ಮಾಡಿ ಗೆರೆ ಎಳೆಯಿರಿ. ಹಬ್‌ಗೆ ಅಂಟಿ ಕೂರುವ ಚಕ್ರದ ಮೈ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರ ಇದೆಯೋ ಅದೇ ಆಫ್‌ಸೆಟ್. ಅಲಾಯ್ ವೀಲಿನ ಒಳಮೈಯಲ್ಲಿ ‘ಇಟಿ 45’ ಎಂದು ಅಚ್ಚಿರುವುದು ಇದೇ. ಅಂಕಿ ಇಳಿದಷ್ಟೂ ಚಕ್ರ ಹೊರಕ್ಕೆ ಬಂದು ಫೆಂಡರಿಗೆ ತಾಗುತ್ತದೆ. ಏರಿದಷ್ಟೂ ಒಳಕ್ಕೆ ಸರಿದು ಸಸ್ಪೆನ್ಷನ್ನಿನ ಸ್ಟ್ರಟ್ಟಿಗೆ ತಾಗುತ್ತದೆ. ನಾನು ಇದನ್ನು ಐದಾರು ವಾಕ್ಯದಲ್ಲಿ ಮುಗಿಸಿದೆ. ಚಕ್ರಪಾಣಿಯವರು ಲಿಫ್ಟಿನಲ್ಲಿ ಶುರು ಮಾಡಿದರೆಂದರೆ ಒಂಬತ್ತನೇ ಮಹಡಿಯವರು ತಮ್ಮ ಮಹಡಿ ಬಂದರೂ ಇಳಿಯಲಾರದೆ, ಪ್ರಾತ್ಯಕ್ಷಿಕೆಗೆಂದು ಅವರ ಜೊತೆ ಬೇಸ್‌ಮೆಂಟಿಗೆ ವಾಪಸ್ ಹೋಗಬೇಕಾಗುತ್ತದೆ.

ಇಷ್ಟಕ್ಕೂ ಅವರ ಕಷ್ಟವೇನು? ಕಂಪನಿ ಕೊಟ್ಟದ್ದು 19 ಇಂಚಿನ ಚಕ್ರ, ಅವರಿಗೆ 20 ಬೇಕು. ಯಾಕೆ ಎಂದು ಕೇಳಬಾರದು. ಈಗಿನ ಚಕ್ರ ಒಳಗೆ ಸೇರಿಕೊಂಡು ಕಾರು ಸೊರಗಿದಂತೆ ಕಾಣುತ್ತದಂತೆ. ಟೈರಿನ ಹೊರಮೈ ಫೆಂಡರಿನ ಅಂಚಿನ ನೇರಕ್ಕೆ ಬಂದು ‘ಫ್ಲಶ್’ ಆಗಿ ನಿಲ್ಲಬೇಕಂತೆ. ಅಂಚು ದಾಟಿ ಹೊರಗೆ ಇಣುಕಿದರೆ ಅದರ ಹೆಸರು ‘ಪೋಕ್’, ಅದು ಪುಂಡರ ಲಕ್ಷಣ. ಸೊರಗುವಿಕೆಗೂ ಪುಂಡಾಟಿಕೆಗೂ ನಡುವೆ ಇರುವ ನಾಲ್ಕೈದು ಮಿಲಿಮೀಟರಿನಲ್ಲೇ ಮರ್ಯಾದಸ್ಥರು ಬಾಳಬೇಕು.

ಲೆಕ್ಕದ ಪುಸ್ತಕವೊಂದಿದೆ, ಮಗಳ ಹಳೆಯ ನೋಟ್‌ಬುಕ್. ಮೊದಲ ಪುಟದಲ್ಲಿ ಟೈರಿನ ಗಣಿತ. ಮುಂದಿನ ಟೈರು 255/40 ಆರ್19. ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 40, ಅಂದರೆ 102. ಮೇಲೆ ಕೆಳಗೆ ಸೇರಿ 204, ನಡುವೆ ಚಕ್ರದ 482.6, ಒಟ್ಟು ವ್ಯಾಸ 686.6. ಈಗ 20 ಇಂಚಿನ ಚಕ್ರಕ್ಕೆ 255/35ರ ಟೈರು ಹಾಕಿ ನೋಡಿ. 508ಕ್ಕೆ 178.5 ಕೂಡಿಸಿದರೆ 686.5! ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗ. ಇದನ್ನು ಕಂಡುಹಿಡಿದ ರಾತ್ರಿ ಅವರು ಹೆಂಡತಿಯನ್ನು ಎಬ್ಬಿಸಿ, ‘ಲೇ, ಸ್ಪೀಡೋಮೀಟರ್ ಇನ್ನು ಸುಳ್ಳು ಹೇಳೋ ಹಾಗೇ ಇಲ್ಲ’ ಎಂದರಂತೆ. ‘ಸಂತೋಷ ಕಣ್ರೀ. ಗ್ಯಾಸ್ ಬುಕ್ ಮಾಡಿದೀನಿ ಅಂತ ನೀವೂ ಹೇಳ್ಬೇಡಿ, ಮಲಕ್ಕೊಳ್ಳಿ’ ಎಂದು ಆಕೆ ಮಗ್ಗುಲು ಬದಲಾಯಿಸಿದರಂತೆ.

ಟೈರಿನ ಗೋಡೆ 102ರಿಂದ 89ಕ್ಕೆ ಇಳಿಯಿತಲ್ಲ, ನಮ್ಮ ರಸ್ತೆಯ ಗುಂಡಿಗಳಿಗೂ ರಿಮ್ಮಿನ ಅಂಚಿಗೂ ನಡುವೆ ಇದ್ದ ಹದಿಮೂರು ಮಿಲಿಮೀಟರ್ ರಬ್ಬರು ಹೋಯಿತಲ್ಲ ಎಂದು ನಾನು ಕೇಳಿದ್ದೆ. ‘ಅದು ರಸ್ತೆ ಮಾಡೋರ ಲೆಕ್ಕ, ನಮ್ಮದಲ್ಲ’ ಎಂದರು. ಈ ಉತ್ತರ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಚಕ್ರ ಹೊಂದಿಸುವುದೆಂದರೆ ಥೇಟ್ ಸಾಲಾವಳಿ ನೋಡಿದ ಹಾಗೆ. ಮೊದಲು ಕೇಳುವುದು ಗೋತ್ರ, ಇಲ್ಲಿ ಅದಕ್ಕೆ ಪಿಸಿಡಿ ಎನ್ನುತ್ತಾರೆ. ಎಷ್ಟು ಸ್ಟಡ್ ಇವೆ, ಅವು ಕೂತಿರುವ ವೃತ್ತದ ವ್ಯಾಸ ಎಷ್ಟು ಎಂಬ ಎರಡು ಪ್ರಶ್ನೆ. ಮಸ್ಟ್ಯಾಂಗಿನದು ಐದು ಸ್ಟಡ್, 114.3 ಮಿ.ಮೀ., ಬಿಡಿಸಿದರೆ ನಾಲ್ಕೂವರೆ ಇಂಚು. ಮದುವೆಯಲ್ಲಿ ಗೋತ್ರ ಬೇರೆ ಇರಬೇಕು, ಇಲ್ಲಿ ಒಂದೇ ಆಗಿರಬೇಕು, ಅಷ್ಟೇ ತಿರುಗುಮುರುಗು. ಪಕ್ಕದ ಪಾರ್ಕಿಂಗಿನ ರಾಯರ ಇನ್ನೋವಾ ಕ್ರಿಸ್ಟಾದ್ದೂ ಐದು ಸ್ಟಡ್, 114.3 ಎಂದು ಚಕ್ರಪಾಣಿಯವರು ಬಾಯಿತಪ್ಪಿ ಹೇಳಿಬಿಟ್ಟರು ನೋಡಿ, ರಾಯರ ಎದೆಯುಬ್ಬಿತು. ‘ಹಾಗಾದ್ರೆ ನನ್ನ ಸ್ಟೆಪ್ನಿ ನಿಮ್ಮ ಗಾಡಿಗಾಗತ್ತೆ ಅನ್ನಿ!’

ಚಕ್ರಪಾಣಿಯವರ ಮುಖ ಹುಳ್ಳಗಾಯಿತು. ಗೋತ್ರ ಕೂಡಿದರೆ ಸಾಕೇ? ಇನ್ನೋವಾ ಚಕ್ರದ ನಡುವಿನ ತೂತು 60.1 ಮಿ.ಮೀ., ಮಸ್ಟ್ಯಾಂಗಿನ ಹಬ್ಬಿನ ದಪ್ಪ 70.5. ಒಳಗೇ ಹೋಗದು. ಸ್ಟಡ್ಡಿನ ದಪ್ಪವೂ ಅಲ್ಲಿ 12, ಇಲ್ಲಿ 14. ತೂತು ಚಿಕ್ಕದಾದರೆ ಹೀಗಾಯಿತು. ದೊಡ್ಡದಾದರೆ ಇನ್ನೊಂದು ತಾಪತ್ರಯ. ಚಕ್ರ ಮಾಡುವ ಕಂಪನಿಗಳು ಹತ್ತಾರು ಕಾರಿಗೆ ಆಗಲೆಂದು 73.1ರ ತೂತು ಕೊರೆದು ಮಾರುತ್ತವೆ. ಉಳಿದ ಸಂದಿಗೆ ಒಂದು ತೆಳು ರಿಂಗು ತೊಡಿಸದಿದ್ದರೆ ಚಕ್ರ ನಟ್ಟನಡುವೆ ಕೂರದೆ, ಗಾಡಿ ನೂರರ ಹತ್ತಿರ ಹೋದಾಗ ಸ್ಟೇರಿಂಗು ಗಡಗಡ ನಡುಗತೊಡಗುತ್ತದೆ. ಇಷ್ಟನ್ನೂ ನಿಂತುಕೊಂಡೇ ಕೇಳಿದ ರಾಯರು ‘ಅಂತೂ ಸಗೋತ್ರದೋರು ಅಂತಾಯ್ತು, ಬಿಡಿ’ ಎಂದು ತರಕಾರಿ ಚೀಲ ಎತ್ತಿಕೊಂಡರು.

ಚಕ್ರಪಾಣಿಯವರ ನಿಜವಾದ ರಣರಂಗ ಜೆ.ಸಿ. ರಸ್ತೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್ ಕಡೆಗೆ ಹೊರಟರೆ ಕಾರಿಗೆ ಬೇಕಾದದ್ದು, ಬೇಡವಾದದ್ದು ಎಲ್ಲ ಸಿಗುವ ಬೀದಿ. ಅಲ್ಲಿ ಸೀಟ್ ಕವರಿನವರು ಫುಟ್‌ಪಾತಿಗೇ ಬಂದು ಕೈ ಬೀಸಿ ಕರೆಯುತ್ತಾರೆ. ಆ ಬೀದಿಯಲ್ಲಿ ಯಾವುದೇ ಪ್ರಶ್ನೆಗೂ ಉತ್ತರ ಒಂದೇ, ‘ಕೂತ್ಕೊಳತ್ತೆ ಸಾರ್.’ ಯಾವ ಕಾರು ಎಂದು ಕೇಳುವ ಮೊದಲೇ ಕೂತುಕೊಳ್ಳುತ್ತದೆ. ಕಾರನ್ನೇ ತರದೆ ನಡೆದು ಹೋದರೂ ಕೂತುಕೊಳ್ಳುತ್ತದೆ.

ಒಮ್ಮೆ ಅವರ ಜೊತೆ ನಾನೂ ಹೋಗಿದ್ದೆ. ಅಂಗಡಿಯ ಹುಡುಗ ಕಪ್ಪಗೆ ಮಿರುಗುವ ಚಕ್ರವೊಂದನ್ನು ಉರುಳಿಸಿಕೊಂಡು ಬಂದ. ಚಕ್ರಪಾಣಿಯವರು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. (ನಮ್ಮಂಥವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತೇವೆ.) ಐದು ತೂತಿನ ಚಕ್ರದಲ್ಲಿ ಒಂದರ ನೇರ ಎದುರಿಗೆ ಇನ್ನೊಂದು ತೂತು ಇರುವುದಿಲ್ಲ, ಹಾಗಾಗಿ ಪಿಸಿಡಿಯನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದು 1.7ರಿಂದ ಗುಣಿಸಬೇಕು. 114.3 ಬೇಕೆಂದರೆ ಅಳತೆ 67.2 ಬರಬೇಕು. ಬಂದದ್ದು 65.8.

‘ಇದು ನೂರಾಹನ್ನೆರಡರದ್ದು. ಯಾವುದೋ ಜರ್ಮನ್ ಗಾಡಿದು’ ಎಂದರು.

‘ಒಂದೂವರೆ ಮಿಲಿಮೀಟರ್ ತಾನೇ ಸಾರ್? ನಟ್ ಟೈಟ್ ಮಾಡಿದ್ರೆ ತಾನಾಗೇ ಎಳ್ಕೊಂಡು ಕೂತ್ಕೊಳತ್ತೆ.’

‘ತಾನಾಗೇ ಎಳ್ಕೊಂಡು ಕೂತಿದ್ದು ಹೈವೇಲಿ ತಾನಾಗೇ ಎದ್ದೂ ಹೋಗತ್ತೆ ಕಣಪ್ಪಾ.’

ಹುಡುಗ ಮಾಲೀಕರ ಮುಖ ನೋಡಿದ. ಅನುಭವಸ್ಥರಾದ ಮಾಲೀಕರು ಗಿರಾಕಿ ಯಾವ ನಮೂನೆಯವರೆಂದು ಅರಿತು ಟೀ ತರಿಸಿದರು. ಎರಡನೆಯ ಚಕ್ರ ಬಂತು. ಗೋತ್ರ ಸರಿ, 20 ಇಂಚು, ಅಗಲ 10ಜೆ, ಇಟಿ 40. ಚಕ್ರಪಾಣಿಯವರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಶುರು ಮಾಡಿದರು. ಈಗಿನ ಮುಂದಿನ ಚಕ್ರ 9 ಇಂಚು ಅಗಲ, ಹೊಸದು 10. ಹೆಚ್ಚಾದ ಒಂದು ಇಂಚು ಒಳಕ್ಕೆ 12.7, ಹೊರಕ್ಕೆ 12.7 ಎಂದು ಹಂಚಿಕೆಯಾಗುತ್ತದೆ. ಆಫ್‌ಸೆಟ್ 45ರಿಂದ 40ಕ್ಕೆ ಇಳಿದದ್ದಕ್ಕೆ ಇಡೀ ಚಕ್ರ ಇನ್ನೈದು ಹೊರಕ್ಕೆ ಸರಿಯುತ್ತದೆ. ಅಲ್ಲಿಗೆ ಹೊರಗಡೆ 17.7, ಒಳಗಡೆ 7.7. ನೋಟ್‌ಬುಕ್ ತೆರೆದು ನೋಡಿದರು, ಕಾರಿನಲ್ಲಿ ಅಷ್ಟು ಜಾಗವಿದೆ. ಮಾಲೀಕರ ಕಣ್ಣು ಹೊಳೆಯಿತು. ಅಷ್ಟಕ್ಕೆ ಸುಮ್ಮನಿದ್ದರೆ ವ್ಯಾಪಾರ ಕುದುರುತ್ತಿತ್ತೇನೋ. ಉತ್ಸಾಹದಲ್ಲಿ ಅವರು, ‘ಹಿಂದೆ ಸ್ವಲ್ಪ ಒಳಗೆ ಹೋದಂಗೆ ಕಾಣ್ಸಿದ್ರೆ ಒಂದು ಸ್ಪೇಸರ್ ಹಾಕ್ಸಿಬಿಡೋಣ ಸಾರ್’ ಎಂದುಬಿಟ್ಟರು.

ಹಬ್ಬಿಗೂ ಚಕ್ರಕ್ಕೂ ನಡುವೆ ಸೇರಿಸುವ ಬಿಲ್ಲೆ ಈ ಸ್ಪೇಸರ್. ಚಕ್ರವನ್ನು ಹೊರಕ್ಕೆ ತಳ್ಳುತ್ತದೆ, ಆದರೆ ಮಾಮೂಲಿ ಸ್ಟಡ್ಡಿನಲ್ಲಿ ನಟ್ ಹಿಡಿದುಕೊಳ್ಳುವ ಎಳೆಗಳು ಅಷ್ಟು ಕಡಿಮೆಯಾಗುತ್ತವೆ. ಚಕ್ರಪಾಣಿಯವರು ಟೀ ಲೋಟ ಕೆಳಗಿಟ್ಟರು. ‘ಸ್ಪೇಸರ್ ಅನ್ನೋದು ಲೆಕ್ಕ ಬರದೇ ಇರೋನ ಔಷಧಿ’ ಎಂದು ಎದ್ದರು. ಆದರೂ ಅಡ್ವಾನ್ಸ್ ಕೊಟ್ಟು ಒಂದೇ ಒಂದು ಚಕ್ರವನ್ನು ಪರೀಕ್ಷೆಗೆಂದು ಹೊತ್ತು ತಂದರು. ಒಂದೇ ಚಪ್ಪಲಿ ಕೊಳ್ಳುವವರನ್ನು ನೋಡುವ ಹಾಗೆ ಇಡೀ ಅಂಗಡಿ ನಮ್ಮನ್ನು ನೋಡಿತು.

ಯಾಕೆ ಪರೀಕ್ಷೆ? ಪಿಸಿಡಿ, ತೂತು, ಅಗಲ, ಆಫ್‌ಸೆಟ್ ಎಲ್ಲ ಕೂಡಿಬಂದರೂ ಚಕ್ರದ ಕಡ್ಡಿಗಳ ಒಳಮೈ ಬ್ರೇಕಿನ ಕ್ಯಾಲಿಪರಿಗೆ ತಗುಲಿದರೆ ನಿಶ್ಚಿತಾರ್ಥ ಮುರಿದ ಹಾಗೇ. ಕಡ್ಡಿಯ ಬಾಗು ಒಂದೊಂದು ವಿನ್ಯಾಸಕ್ಕೂ ಬೇರೆ, ರಿಮ್ಮಿನ ಮೇಲೆ ಅಚ್ಚೊತ್ತಿದ ಯಾವ ಅಂಕಿಯೂ ಅದನ್ನು ಹೇಳದು. ಅದಕ್ಕೆ ಮಗಳ ಶಾಲೆಯ ಬಣ್ಣದ ಕ್ಲೇ ಬೇಕು. ಕ್ಯಾಲಿಪರಿನ ಮೇಲೆ ಕ್ಲೇ ಉಂಡೆ ಮೆತ್ತಿ, ಚಕ್ರ ತೊಡಿಸಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಮತ್ತೆ ಕಳಚಿ, ಒತ್ತಿಹೋದ ಕ್ಲೇಯನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆದರು. ನಾಲ್ಕು ಮಿಲಿಮೀಟರ್, ಹಸಿರು ಬಣ್ಣ. ಸಾಕು! ಮರುದಿನ ಮಗಳ ಹಸಿರು ಆನೆ ಸೊಂಡಿಲಿಲ್ಲದೆ ಶಾಲೆಗೆ ಹೋಯಿತು. ಟೀಚರ್ ಕೇಳಿದಾಗ ‘ಅದು ಅಪ್ಪನ ಬ್ರೇಕ್ ಮೇಲಿದೆ ಮಿಸ್’ ಎಂದಳಂತೆ.

ಆಗ ಊರಿನಿಂದ ಅವರ ತಾಯಿ ಬಂದಿದ್ದರು. ‘ಅಲ್ವೋ, ನಾಲ್ಕು ಚಕ್ರ ಇದ್ಯಲ್ಲೋ ಅದಕ್ಕೆ? ಐದನೇದು ಯಾಕೋ ದಿವಾನ್ ಕೆಳಗೆ?’ ಎಂದು ಕೇಳಿದರು. ಸೊಸೆ ಇದೇ ಸಮಯವೆಂದು, ‘ನೋಡಿ ಅತ್ತೆ, ನನ್ನ ಜಾತಕ ಬಂದಾಗ ಐದು ನಿಮಿಷಕ್ಕೆ ಹೂಂ ಅಂದಿದ್ರು’ ಎಂದರು. ‘ಆವಾಗ ನೋಡಿದ್ದು ನಾನಲ್ವೇನೇ’ ಎಂದರು ಅತ್ತೆ.

ಇಷ್ಟಾದರೂ ಉಳಿದ ಮೂರು ಚಕ್ರ ಬರಲಿಲ್ಲ. ಮೊದಲು ಕಾನೂನು ಅಡ್ಡ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಹೇಳಿದ್ದಕ್ಕಿಂತ ಗಾಡಿಯ ವಿವರ ಬೇರೆಯಾಗುವಂತೆ ಮಾರ್ಪಾಡು ಮಾಡಬಾರದು. ಅಗಲದ ಚಕ್ರ ಅದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರಾದ ಮೂರನೇ ಮಹಡಿಯವರನ್ನು ಹಿಡಿದು ಕೂರಿಸಿದರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಹೊಸ ತೊಡಕು ಹೊಳೆಯಿತು. ಟೈರಿನ ಮೇಲೆ 255 ಎಂದು ಬರೆದಿದ್ದರೂ ರಿಮ್ಮು ಅರ್ಧ ಇಂಚು ಅಗಲವಾದಾಗ ಟೈರಿನ ಹೊಟ್ಟೆ ಸುಮಾರು ಐದು ಮಿಲಿಮೀಟರ್ ಹಿಗ್ಗುತ್ತದೆ. ಒಂದು ಇಂಚಿಗೆ ಹತ್ತಾಯಿತು. ಲೆಕ್ಕ ಮತ್ತೆ ಮೊದಲ ಪುಟಕ್ಕೆ ಬಂತು. ಅವತ್ತು ಅವರ ಮುಖದಲ್ಲಿ ಬೇಸರ ಹುಡುಕಿದೆ, ಸಿಗಲಿಲ್ಲ. ಮನುಷ್ಯ ಖುಷಿಯಾಗಿದ್ದರು.

ನಗುವವರು ನಗಲಿ. ‘ಕೂತ್ಕೊಳತ್ತೆ’ ಎಂಬ ಮಾತನ್ನು ನಂಬಿದವರ ಗತಿಯನ್ನೂ ನಾನು ಕಂಡಿದ್ದೇನೆ. ಏಳನೇ ಮಹಡಿಯ ಹುಡುಗ ತನ್ನ ಪುಟ್ಟ ಕಾರಿಗೆ ದೊಡ್ಡ ಚಕ್ರ ಹಾಕಿಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಮೂವರು ಗೆಳೆಯರು ಕೂತರು, ಗೇಟಿನ ಹಂಪ್ಸ್ ಮೇಲೆ ಹೋದಾಗ ಕರ್‌ರ್ ಎಂದು ಟೈರು ಫೆಂಡರನ್ನು ಉಜ್ಜಿತು. ಚಕ್ರಪಾಣಿಯವರು ಪೇಪರು ಹಾಸಿ ಕಾರಿನ ಕೆಳಗೆ ಮಲಗಿ ನೋಡಿ, ‘ನಲವತ್ತೈದು ಬೇಕಿತ್ತಪ್ಪಾ, ಮೂವತ್ತೈದು ಹಾಕ್ಸಿದೀಯ. ಹತ್ತು ಮಿಲಿಮೀಟರ್ ಹೊರಗಿದೆ’ ಎಂದರು. ಬಯ್ಯಲಿಲ್ಲ. ಹುಡುಗನನ್ನು ಕರೆದುಕೊಂಡು ಜೆ.ಸಿ. ರಸ್ತೆಗೆ ಹೋಗಿ, ಜಗಳವಾಡಿ, ಚಕ್ರ ಬದಲಾಯಿಸಿಕೊಟ್ಟು ಬಂದರು. ಈಗ ಬೀದಿಯ ಆಚೆಯ ಅಪಾರ್ಟ್‌ಮೆಂಟಿನವರೂ ಅಲಾಯ್ ವೀಲ್ ಕೊಳ್ಳುವ ಮುನ್ನ ಅವರ ಬಾಗಿಲು ತಟ್ಟುತ್ತಾರೆ. ಅವರು ಹೇಳಿದ ಅಳತೆಯ ಚಕ್ರ ಯಾರ ಗಾಡಿಯಲ್ಲೂ ಉಜ್ಜಿಲ್ಲ. ಅವರದು ಮಾತ್ರ ಇನ್ನೂ ಕಂಪನಿಯ ಹತ್ತೊಂಬತ್ತು ಇಂಚಿನದೇ.

ನೀವೂ ಚಕ್ರ ಬದಲಾಯಿಸುವವರಿದ್ದರೆ ನಿಮ್ಮ ಬಡಾವಣೆಯ ಚಕ್ರಪಾಣಿಯವರನ್ನು ಕೇಳದೆ ದುಡ್ಡು ಕೊಡಬೇಡಿ. ಹೋಗುವಾಗ ಹಳೆಯ ಬಟ್ಟೆ ಹಾಕಿಕೊಳ್ಳಿ, ಕಾರಿನ ಕೆಳಗೆ ಮಲಗಿಸುತ್ತಾರೆ. ಸಂಜೆಯವರೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಸ್ಪೇಸರ್ ಎಂಬ ಮಾತನ್ನಂತೂ ಎತ್ತಲೇ ಬೇಡಿ.