ಕಷ್ಟ ಬೇಕಾಗಿದೆ

(ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಮೊಮ್ಮಗ ಹನ್ನೊಂದನೇ ಕ್ಲಾಸು. ಅಜ್ಜಿ ಮೈಸೂರಿನಿಂದ ಬಂದವರು.)

ಅಜ್ಜಿ: ಯಾಕೋ ಪುಟ್ಟ, ಮುಖ ಸಪ್ಪಗಿದೆ?

ಮೊಮ್ಮಗ: ನಂಗೆ ಜೀವನದಲ್ಲಿ ಒಂದೂ ಕಷ್ಟ ಬಂದಿಲ್ಲ ಅಜ್ಜಿ.

ಅಜ್ಜಿ: ರಾಯರ ಕೃಪೆ ಕಣೋ! ಅದಕ್ಕೆ ಅಳೋದೇ?

ಮೊಮ್ಮಗ: ಕಾಲೇಜು ಅರ್ಜಿಗೆ 650 ಪದದ ಪ್ರಬಂಧ ಬರೀಬೇಕು. ಕಷ್ಟ ಗೆದ್ದ ಕಥೆ ಇದ್ರೆ ಚೆನ್ನ ಅಂತ ಕನ್ಸಲ್ಟೆಂಟ್ ಹೇಳಿದ್ರು.

(ಇಲ್ಲಿ ಕಷ್ಟಕ್ಕೂ ಕನ್ಸಲ್ಟೆಂಟ್ ಇದ್ದಾರೆ, ಗಂಟೆ ಲೆಕ್ಕದಲ್ಲಿ.)

ಅಜ್ಜಿ: ಅದೇನೋ 1600 ಮಾರ್ಕ್ಸಿನ ಪರೀಕ್ಷೆಗೆ ಓದ್ತಿದ್ದೆಯಲ್ಲ?

ಮೊಮ್ಮಗ: ಎಸ್‌ಎಟಿ. ಬರ್ಕ್ಲಿಯವರು ಅದನ್ನ ನೋಡೋದೇ ಇಲ್ಲ.

ಅಜ್ಜಿ: ಮತ್ತೆ ಯಾಕೆ ಓದ್ತೀಯ?

ಮೊಮ್ಮಗ: ಎಂಐಟಿಯವರು ಕೇಳ್ತಾರೆ.

ಅಪ್ಪ (ಲ್ಯಾಪ್‌ಟಾಪಿನಿಂದ ತಲೆಯೆತ್ತದೆ): ಅರ್ಜಿಯಲ್ಲಿ ಚಟುವಟಿಕೆಗೆ 10 ಖಾನೆ ಇದೆ ಕಣೋ, ಒಂಬತ್ತೇ ತುಂಬಿರೋದು! ಚೆಸ್ಸು, ಮೃದಂಗ, ರೋಬೋಟು... ಹತ್ತನೇದೇನು?

ಅಜ್ಜಿ: ದಿನಾ ನನ್ನ ಕಾಲು ಒತ್ತುತ್ತಾನಲ್ಲ, ಅದನ್ನ ಬರಿ.

ಅಪ್ಪ: ಹಾಗೆ ಬರೆದ್ರೆ ಆಗಲ್ಲಮ್ಮ. ವೃದ್ಧರ ಕಾಲೊತ್ತೋ ಸಂಸ್ಥೆ ಅಂತ ಶುರುಮಾಡಿ, ಇವನು ಅದರ ಸ್ಥಾಪಕಾಧ್ಯಕ್ಷ ಆಗಬೇಕು.

ಅಜ್ಜಿ: ಸದಸ್ಯರು?

ಅಪ್ಪ: ಪಕ್ಕದ ಮನೆ ಹುಡುಗ ಉಪಾಧ್ಯಕ್ಷ. ಅವನಿಗೂ ಒಂದು ಖಾನೆ ಖಾಲಿಯಿದೆ.

ಮೊಮ್ಮಗ: ಕಷ್ಟ ಎಲ್ಲಿಂದ ತರಲಿ ಅಪ್ಪ?

ಅಜ್ಜಿ: ನನ್ನದು ಬೇಕಾದಷ್ಟಿದೆ, ತಗೋ.

ಮೊಮ್ಮಗ: ಹೇಳು ಅಜ್ಜಿ! ಆದ್ರೆ 650 ಪದ ದಾಟಬಾರದು.

ಅಜ್ಜಿ: ಅಷ್ಟರಲ್ಲಿ ನಿಮ್ಮ ತಾತನ ಕೋಪವೇ ಮುಗಿಯಲ್ಲ, ಹೋಗೋ!