ಆರಂಭರಾಯರ ಎಡಗಾಲು

ಹೈದರಾಬಾದಿನ ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟದ ಕನ್ನಡ ಮನೆಗಳಲ್ಲಿ ಆರಂಭಶೂರರು ಗಲ್ಲಿಗೊಬ್ಬರಾದರೂ ಸಿಗುತ್ತಾರೆ. ಅವರನ್ನು ಹಗುರವಾಗಿ ಕಾಣುವವರ ಪೈಕಿ ನಾನಲ್ಲ. ಹೊಸದನ್ನು ಶುರು ಮಾಡಲು ಎದೆಗಾರಿಕೆ ಬೇಕು. ಮುಂದುವರಿಸುವುದೇನು, ಚಟ ಹತ್ತಿದರೆ ತಾನೇ ನಡೆದುಕೊಂಡು ಹೋಗುತ್ತದೆ. ರಾಯಚೂರು ಕಲಬುರಗಿ ಕಡೆಯಿಂದ ಓದಲಿಕ್ಕೆ ಬಂದು, ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಸೇರಿ, 2017ರಲ್ಲಿ ಆ ಬ್ಯಾಂಕೇ ದೊಡ್ಡ ಬ್ಯಾಂಕಿನೊಳಗೆ ಕರಗಿದ ಮೇಲೆ ತಾವೂ ಮನೆಯೊಳಗೆ ಕರಗಿದ ಹಿರಿಯರಲ್ಲಿ ಈ ಜಾತಿ ಹುಲುಸಾಗಿ ಬೆಳೆದಿದೆ. ಇವರಿಗೆಲ್ಲ ಸೇರಿಸಿ ಒಂದೇ ಹೆಸರಿಡೋಣ: ಆರಂಭರಾಯರು.

ಆರಂಭರಾಯರ ಜೀವನಚರಿತ್ರೆ ಬರೆಯಬೇಕೆಂದರೆ ಅವರನ್ನು ಮಾತಾಡಿಸಬೇಕಿಲ್ಲ, ಅವರ ಮನೆಯ ಸಜ್ಜಾ ನೋಡಿದರೆ ಸಾಕು. ಮುಂಭಾಗದಲ್ಲಿ ತಬಲಾ ಜೋಡಿ, ಅದರ ಮೇಲೆ ಈಜುಗಾರರ ಕನ್ನಡಕ, ಪಕ್ಕದಲ್ಲಿ ಹೋಮಿಯೋಪಥಿ ಪೆಟ್ಟಿಗೆ, ಹಿಂದೆ ಹಾರಕ, ನವಣೆ, ಸಾಮೆ ಎಂದು ಚೀಟಿ ಅಂಟಿಸಿದ ಡಬ್ಬಿಗಳು. ಭೂಗರ್ಭಶಾಸ್ತ್ರಜ್ಞರು ಪದರ ಎಣಿಸಿ ಕಾಲ ಹೇಳುತ್ತಾರಲ್ಲ, ಹಾಗೆ ಅವರ ಮನೆಯಾಕೆ ಆ ಸಾಮಾನುಗಳಿಂದಲೇ ಇಸವಿ ಹೇಳಬಲ್ಲರು. ಅವಳಿ-ಜವಳಿ ಮೊಮ್ಮಕ್ಕಳು ಹುಟ್ಟಿದ್ದು ಯಾವಾಗ ಎಂದರೆ, "ಇವರು ಈಜೋದು ಬಿಟ್ಟ ವರ್ಷಾರಿ" ಎನ್ನುತ್ತಾರೆ.

ಇಂಥವರು ಬಾಲ್‌ರೂಮ್ ನೃತ್ಯಕ್ಕೆ ಬಿದ್ದದ್ದು ಫಲಕ್‌ನುಮಾ ಅರಮನೆಯಲ್ಲಿ. ವಿಕಾರ್-ಉಲ್-ಉಮ್ರಾ ಕಟ್ಟಿಸಿ, ಆಮೇಲೆ ಆರನೇ ನಿಜಾಮರ ಪಾಲಾಗಿ, 2010ರಿಂದ ತಾಜ್ ಹೋಟೆಲಾಗಿರುವ ಆ ಮಹಲನ್ನು ಮಗ ತೋರಿಸಲು ಕರೆದುಕೊಂಡು ಹೋಗಿದ್ದ. 101 ಮಂದಿ ಕೂತು ಉಣ್ಣುವ ಮೇಜಿನ ಮುಂದೆ ಮನೆಯಾಕೆ ನಿಂತೇಬಿಟ್ಟರು. "ಈ ಕಡಿಂದ ಆ ಕಡಿಗೆ ಸಾರು ಮುಟ್ಟೋದ್ರಾಗ ಆರಿ ಹೋಗಿರತದಲ್ಲರಿ" ಎಂಬುದು ಅವರ ಚಿಂತೆ. ರಾಯರು ಮಾತ್ರ ಬಾಲ್‌ರೂಮಿಗೆ ಬಂದಾಗ ಮೌನವಾದರು. ಅವರ ಕಣ್ಣಲ್ಲಿ ತಬಲಾ ಕೊಳ್ಳುವ ಮುನ್ನ ಕಂಡಿದ್ದ ಹೊಳಪೇ ಕಂಡಿತಂತೆ. ಮನೆಯಾಕೆ ಅಲ್ಲೇ ಮಗನ ಕಿವಿಯಲ್ಲಿ, "ಲಗೂನ ಹೊರಗ ಕರಕೊಂಡು ನಡಿ" ಎಂದರಂತೆ. ತಡವಾಗಿತ್ತು.

ಆರಂಭಕ್ಕೂ ಮೊದಲು ಪೂರ್ವಾರಂಭವೊಂದಿದೆ. ನಿಜವಾದ ಸುಖ ಅಲ್ಲೇ ಇರುವುದು. ರಾಯರು ಗೆರೆ ಹಾಕಿದ ರಿಜಿಸ್ಟರ್ ತಂದರು. ವಾಲ್ಟ್ಸ್ ಮೂರು ಮಾತ್ರೆಯ ಲಯದ್ದು. ಸ್ಪರ್ಧೆಗಳಲ್ಲಿ ನಿಮಿಷಕ್ಕೆ 28ರಿಂದ 30 ಆವರ್ತ, ಅಂದರೆ 84ರಿಂದ 90 ಏಟು, ಎಂದು ಬರೆದುಕೊಂಡರು. ಬಿ.ಪಿ. ಯಂತ್ರದಲ್ಲಿ ನಾಡಿ ನೋಡಿಕೊಂಡು, "ಕೇಳಿಲ್ಲೆ, ನನ್ನ ನಾಡಿನೂ 86 ಅದ. ಹುಟ್ಟಿದಾಗಿಂದ ವಾಲ್ಟ್ಸ್ ಒಳಗss ನಡದದ" ಎಂದರು.

"ಹಂಗಿದ್ರ ಗುಳಿಗಿ ತಪ್ಪಿಸಬ್ಯಾಡ್ರಿ" ಎಂದರು ಆಕೆ.

ವಿಯೆನ್ನೀಸ್ ವಾಲ್ಟ್ಸ್ ಇದರ ಇಮ್ಮಡಿ ವೇಗದ್ದೆಂದು ತಿಳಿದಾಗ ರಾಯರು ಆ ಪುಟವನ್ನು ಮಡಚಿಟ್ಟರು.

ಊರಿಗೆ ಇದೇನು ಹೊಸ ವಿದ್ಯೆಯಲ್ಲ. ಸಿಕಂದರಾಬಾದಿನ ದಂಡಿನಲ್ಲಿ ಬಿಳಿ ಅಧಿಕಾರಿಗಳು ಕುಣಿದರು. ಲಾಲಾಗುಡದ ರೈಲ್ವೆ ಕಾಲನಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಕ್ರಿಸ್‌ಮಸ್ ಬಂತೆಂದರೆ ಅಜ್ಜಿ ಮೊಮ್ಮಗ ಎನ್ನದೆ ಕುಣಿದವು. ಅವರು ಯಾರೂ ರಿಜಿಸ್ಟರ್ ಇಟ್ಟಂತೆ ಕಾಣೆ. ಈಗ ಕುಣಿತ ಐ.ಟಿ. ಕಡೆಗೆ ಹೋಗಿದೆ. ರಾಯರ ದಂಪತಿ ನಾರಾಯಣಗುಡದಲ್ಲಿ ಮೆಟ್ರೋ ಹತ್ತಿ, ಪರೇಡ್ ಗ್ರೌಂಡಿನಲ್ಲಿ ಬದಲಿಸಿ, ಕುಣಿತದ ಕ್ಲಾಸಿಗೆಂದು ಮಾದಾಪುರದಲ್ಲಿ ಇಳಿದರು. ಒಬ್ಬರೇ ಹೋಗುವ ವಿದ್ಯೆಯಾಗಿದ್ದರೆ ಮನೆಯಾಕೆ ಸಜ್ಜಾದಲ್ಲಿ ಜಾಗ ಮಾಡಿಕೊಟ್ಟು ಸುಮ್ಮನಿರುತ್ತಿದ್ದರು. ಇದಕ್ಕೆ ಜೋಡಿ ಬೇಕಿತ್ತು.

ಮನೆಯಲ್ಲಿ ರಾಯರ ತಾಯಿ ಸುದ್ದಿ ಕೇಳಿ, "ನಾಲ್ಕು ಮಂದಿ ಮುಂದ ಗಂಡಾ ಹೆಂಡ್ತಿ ತಬ್ಬಿಕೊಂಡು ತಿರಗೋದ? ಮರ್ಯಾದಸ್ಥರು ಮಾಡೋದಲ್ಲ ಇದು" ಎಂದಿದ್ದರು. ಲಂಡನ್ನಿನ ಟೈಮ್ಸ್ ಪತ್ರಿಕೆ 1816ರಲ್ಲಿ, ರಾಜಕುಮಾರನ ಔತಣದಲ್ಲಿ ವಾಲ್ಟ್ಸ್ ಕುಣಿದರೆಂದು ಸಿಟ್ಟಾಗಿ ಹೆಚ್ಚುಕಡಿಮೆ ಇದೇ ಅರ್ಥದ ಸಂಪಾದಕೀಯ ಬರೆದಿತ್ತು. ತೊಂಬತ್ತರ ಅಜ್ಜಿ ಆ ಪತ್ರಿಕೆ ಓದಿದವರಲ್ಲ. ಮಡಿವಂತಿಕೆಗೆ ತರ್ಜುಮೆ ಬೇಕಾಗುವುದಿಲ್ಲ.

ಪಾಠ ಹೇಳಿಕೊಡುವಾಕೆ ಇಪ್ಪತ್ತೈದರ ಹುಡುಗಿ, ಅಪ್ಪಟ ಹೈದರಾಬಾದಿ. ರಾಯರು ಪದ್ಧತಿ ಪ್ರಕಾರ ಹೊಸ್ತಿಲಲ್ಲಿ ಬಲಗಾಲಿಟ್ಟು ಒಳಗೆ ಬಂದರು. ಆಕೆಯ ಮೊದಲ ಮಾತು: "ಗಂಡಸರೆಲ್ಲ ಎಡಗಾಲು ಮುಂದೆ, ಹೆಂಗಸರು ಬಲಗಾಲು ಹಿಂದೆ." ನೌಕರಿಗೆ, ಗೃಹಪ್ರವೇಶಕ್ಕೆ, ಬೀಗರ ಮನೆಗೆ, ಕೊನೆಗೆ ಆಸ್ಪತ್ರೆಗೂ ಬಲಗಾಲಿಟ್ಟೇ ಹೋಗಿದ್ದ ಮನುಷ್ಯ! ಒಂದು ಕ್ಷಣ ಕಣ್ಣುಮುಚ್ಚಿ, ಕೃಷ್ಣಾರ್ಪಣ ಎಂದುಕೊಂಡು, ಎಡಗಾಲು ಎತ್ತಿದರು. ಅಷ್ಟರಲ್ಲಿ ಉಳಿದವರು ಚೌಕದ ನಾಲ್ಕೂ ಮೂಲೆ ಮುಟ್ಟಿ ಬಂದಿದ್ದರು. ಇನ್ನು ಕಾಲಲ್ಲಿ ಬೆಳಗಿನ ವಾಕಿಂಗಿನ ರಬ್ಬರ್ ಬೂಟು. ಜಾರಬೇಕಾದ ಕಡೆ ಅದು ನೆಲ ಹಿಡಿದು ಕೂರುತ್ತಿತ್ತು. ರಾಯರು ತಿರುಗುತ್ತಿದ್ದರು, ಮೊಣಕಾಲು ತಿರುಗುತ್ತಿರಲಿಲ್ಲ. ಅಡಿಗೆ ಮೆತ್ತನೆಯ ಚರ್ಮವಿರುವ ಬೂಟು ಬೇಕೆಂದು ಗೊತ್ತಾದದ್ದೇ ತಡ, ಅವರಿಗೆ ನೋವೆಲ್ಲ ಮರೆತುಹೋಯಿತು. ಕೊಳ್ಳಲು ಒಂದು ವಸ್ತು ಸಿಕ್ಕಿತ್ತು.

ಅರ್ಧಕ್ಕೆ ಬಿಟ್ಟ ವಿದ್ಯೆಗಳಿಂದ ಏನೂ ಲಾಭವಿಲ್ಲ ಎನ್ನಬಾರದು. ಒನ್-ಟೂ-ತ್ರೀ ಕೇಳಿದೊಡನೆ ರಾಯರ ತಬಲಾ ಎಚ್ಚರವಾಯಿತು. "ಇದು ನಮ್ಮ ದಾದರಾದ ಅರ್ಧ! ಧಾ ಧಿನ್ ನಾ ಇಲ್ಲಿ, ಧಾ ತಿನ್ ನಾ ಅಲ್ಲಿ" ಎಂದು ಹುಡುಗಿಗೆ ವಿವರಿಸಿದರು. ವಿವರಣೆ ತಪ್ಪೇನಲ್ಲ, ಆರು ಮಾತ್ರೆಯ ದಾದರಾದಲ್ಲಿ ವಾಲ್ಟ್ಸಿನ ಎರಡು ಆವರ್ತ ಸರಿಯಾಗಿ ಕೂರುತ್ತವೆ. ಆದರೆ ರಾಯರು ಅದನ್ನು ಹೇಳುತ್ತ ನಿಂತದ್ದು ಹಾಲಿನ ನಟ್ಟನಡುವೆ. ಸುತ್ತ ಆರು ಜೋಡಿ ತಿರುಗುತ್ತಿದ್ದವು.

ತಿರುಗುವುದೂ ಎಡಸುತ್ತು. ಬಾಲ್‌ರೂಮಿನಲ್ಲಿ ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗಬೇಕೆಂಬುದು ಜಗತ್ತಿನಾದ್ಯಂತ ನಡೆದುಬಂದ ನಿಯಮ. ಮಠದಲ್ಲಿ ಗುರುವಾರ ಗುರುವಾರ ಪ್ರದಕ್ಷಿಣೆ ಹಾಕಿದ ಕಾಲು ಇದನ್ನು ಒಪ್ಪೀತೇ? ರಾಯರು ಮನೆಯಾಕೆಯನ್ನು ಹಿಡಿದುಕೊಂಡು ಭಕ್ತಿಯಿಂದ ಬಲಕ್ಕೆ ಹೊರಟರು. ಎದುರಿಂದ ಗಚ್ಚಿಬೌಲಿಯ ಸಾಫ್ಟ್‌ವೇರ್ ದಂಪತಿ ಬಂದು ಡಿಕ್ಕಿಯಾಯಿತು. "ಅಂಕಲ್, ರಾಂಗ್ ಸೈಡ್ ಸೇ ನಕ್ಕೋ ಆವೊ!" ಎಂದು ಹುಡುಗಿ ಕೂಗಿದಳು. ಹೈದರಾಬಾದಿನಲ್ಲಿ ರಾಂಗ್ ಸೈಡಿನಲ್ಲಿ ಬಂದವನನ್ನು ಒಬ್ಬರು ಗದರಿಸಿದ್ದು ನಾನು ಕೇಳಿದ್ದು ಇದೊಂದೇ ಪ್ರಕರಣ.

ಎಲ್ಲಕ್ಕಿಂತ ಕಠಿಣವಾದದ್ದು ಮುಂದಾಳತ್ವ. ಎತ್ತ ಹೋಗಬೇಕೆಂದು ಗಂಡಸು ಮೈಯಿಂದಲೇ ಸೂಚಿಸಬೇಕು. ಬಾಯಿಂದಲ್ಲ, ಕೈಯಿಂದ ತಳ್ಳಿಯೂ ಅಲ್ಲ. ರಾಯರಿಗೋ ಲಿಖಿತ ಸುತ್ತೋಲೆ ಇಲ್ಲದೆ ಶಾಖೆಯನ್ನೇ ನಡೆಸಿ ಗೊತ್ತಿಲ್ಲ. "ಈಗ ನಾವು ಎಡಕ್ಕೆ ತಿರಗತೀವಿ. ತಯಾರದೀಯಲ್ಲ?" ಎಂದು ಪ್ರತಿ ತಿರುವಿಗೂ ಮುಂಗಡ ಸೂಚನೆ ಹೊರಡಿಸುತ್ತಿದ್ದರು. "ನಿಮ್ಮ ಸೂಚನಾ ಮುಗಿಯೋದ್ರಾಗ ಹಾಡss ಮುಗೀತದ. ಸುಮ್ಮನ ನಡೀರಿ, ನನಗ ತಿಳೀತದ" ಎಂದರು ಆಕೆ. ನಿಜವಾಗಿಯೂ ಅವರಿಗೆ ತಿಳಿಯುತ್ತಿತ್ತು. ಇಷ್ಟು ವರ್ಷ ಗಂಡ ಬಾಯಿ ತೆರೆಯುವ ಮೊದಲೇ ಮುಂದಿನ ಹುಚ್ಚು ಯಾವುದೆಂದು ಊಹಿಸಿದವರಿಗೆ ಇದೊಂದು ತಿರುವು ಯಾವ ಲೆಕ್ಕ?

ಎರಡನೇ ವಾರಕ್ಕೆ ರಾಯರು ಗುರುಗಳಾದರು. ಆರಂಭಶೂರರ ಬೆಳವಣಿಗೆಯಲ್ಲಿ ವಿದ್ಯಾರ್ಥಿದೆಸೆ ಬಹಳ ಚಿಕ್ಕದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ, ರಾಯರು ತಟ್ಟೆಯನ್ನು ಎದೆಮಟ್ಟಕ್ಕೆ ಹಿಡಿದು, "ಇದನ್ನ ಫ್ರೇಮ್ ಅಂತಾರ. ಮೊಣಕೈ ಇಳೀಬಾರದು" ಎಂದು ತೋರಿಸಿದರು. ಮೊಣಕೈ ಇಳಿಯಲಿಲ್ಲ. ಉಪ್ಪಿಟ್ಟು ಇಳಿಯಿತು. ನನಗೆ ಬಿಡದೆ ನಾಲ್ಕು ಹೆಜ್ಜೆ ಹಾಕಿಸಿದರು. ಹೆಂಗಸಿನ ಪಾಲು ನನ್ನದು.

ಮೂರನೇ ತಿಂಗಳಿಗೆ, ಎಂದಿನಂತೆ, ಅವರ ಉತ್ಸಾಹಕ್ಕೆ ನೆಗಡಿಯಾಯಿತು. ಮೆಟ್ರೋ ದೂರವಾಯಿತು, ಮೊಣಕಾಲು ನೆನಪಾಯಿತು. ತೊಂದರೆಯೆಂದರೆ ಅಷ್ಟರಲ್ಲಿ ಮನೆಯಾಕೆಗೆ ಕುಣಿತ ಬಂದುಬಿಟ್ಟಿತ್ತು. ಯಾರಿಗೂ ಹೇಳದೆ, ಏನೂ ಬರೆದುಕೊಳ್ಳದೆ, ಕುಕ್ಕರ್ ಕೂಗುವವರೆಗೆ ಅಡಿಗೆಮನೆಯ ಕಟ್ಟೆ ಹಿಡಿದು ಹೆಜ್ಜೆ ಹಾಕಿ ಕಲಿತಿದ್ದರು. "ನೀವು ಬರದಿದ್ರ ಮನ್ಯಾಗಿರ್ರಿ. ಆ ಗಚ್ಚಿಬೌಲಿ ಹುಡುಗನ ಹೇಣ್ತಿ ಬೆಂಗಳೂರಿಗೆ ಹೋಗ್ಯಾಳ, ಅವನಿಗೆ ಜೋಡಿ ಇಲ್ಲ" ಎಂದು ಹೇಳಿ ಚಪ್ಪಲಿ ಮೆಟ್ಟಿದರು. ರಾಯರು ಓಡಿಹೋಗಿ ಬೂಟು ಹಾಕಿಕೊಂಡರು.

ಅವರನ್ನು ಬದುಕಿಸಿದ್ದು ಬಾಲ್‌ರೂಮಿನ ವ್ಯವಸ್ಥೆಯೇ. ಸ್ಟ್ಯಾಂಡರ್ಡ್ ವಿಭಾಗದಲ್ಲಿ ವಾಲ್ಟ್ಸ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್‌ನಲ್ಲಿ ಸಾಂಬಾ, ಚಾ ಚಾ ಚಾ, ರುಂಬಾ, ಪಾಸೊ ಡೋಬ್ಲೆ, ಜೈವ್. ಒಟ್ಟು ಹತ್ತು! ಒಂದೇ ಕಟ್ಟಡದಲ್ಲಿ ಹತ್ತು ಆರಂಭಗಳು. ಒಂದನ್ನು ಬಿಟ್ಟರೂ ಬಿಟ್ಟಂತಲ್ಲ. ಇಂಥ ವಿದ್ಯೆ ಜಗತ್ತಿನಲ್ಲಿದೆಯೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ರಾಯರು ಮರುಗಿದರು. ಮನೆಯಾಕೆ ವಾಲ್ಟ್ಸಿನಲ್ಲೇ ಉಳಿದರು. ರಾಯರು ಹೊಸ ರಿಜಿಸ್ಟರು, ಒಂದೂವರೆ ಇಂಚು ಹಿಮ್ಮಡಿಯ ಹೊಸ ಬೂಟು ಸಮೇತ ಚಾ ಚಾ ಚಾಗೆ ಹೆಸರು ಹಚ್ಚಿದರು.

ಮೊದಲ ದಿನ ಹಾಡು ಶುರುವಾಯಿತು. ಹುಡುಗಿ, "ಟೂ, ತ್ರೀ, ಫೋರ್ ಆಂಡ್ ಒನ್" ಎಂದು ಎಣಿಸಿದಳು. ರಾಯರು ಕೈ ಎತ್ತಿ ಸಂಗೀತ ನಿಲ್ಲಿಸಿದರು.

"ಒನ್ ಬಿಟ್ಟಿದ್ದೀರಿ."

"ನಹೀಂ ಅಂಕಲ್. ಇಸ್ಮೇ ಒನ್ ಆಖಿರ್ ಮೇ ಆತಾ."

ರಾಯರು ಸ್ವಲ್ಪ ಹೊತ್ತು ನಿಂತು ಯೋಚಿಸಿದರು. ಆಮೇಲೆ ರಿಜಿಸ್ಟರ್ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಗಿನ ಕೌಂಟರಿಗೆ ಹೋಗಿ, ಟ್ಯಾಂಗೋ ಎಷ್ಟರಿಂದ ಶುರುವಾಗುತ್ತದೆಂದು ವಿಚಾರಿಸಿದರು.